ಸಂಜೆ ಏಳರ ಮೈಕ್

ನಮ್ಮೂರು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನದು. ನಾನು ಸಣ್ಣವಳಿದ್ದಾಗ ಊರಿಗೆ ಏನಾದರೂ ತಿಳಿಸಬೇಕಾದರೆ ಡಂಗುರ ಹೊಡೆಯುತ್ತಿದ್ದರು. ಓಣಿ ತುದಿಯಲ್ಲಿ ಹಲಗೆ ಸದ್ದು ಕೇಳಿದರೆ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಡಂಗುರದ ಅಜ್ಜ ಜಾಸ್ತಿ ಮಾತಾಡುತ್ತಿರಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು, ಏನು ತರಬೇಕು. ಇಷ್ಟು ಹೇಳಿ ಮುಂದಿನ ಓಣಿಗೆ ಹೋಗುತ್ತಿದ್ದ. ಯಾರಾದರೂ ಇನ್ನೊಂದು ಮಾತು ಕೇಳಿದರೆ, "ನನಗ ಹೇಳಿದ್ದು ಇಷ್ಟ ನೋಡವ್ವ" ಅನ್ನುತ್ತಿದ್ದ. ತನಗೆ ಗೊತ್ತಿಲ್ಲದ್ದನ್ನು ಅವನು ಒಂದು ದಿನವೂ ಸೇರಿಸಿ ಹೇಳಿದ್ದಿಲ್ಲ.

2021ರ ಏಪ್ರಿಲ್ ಕೊನೆಗೆ ಆ ಅಜ್ಜನ ಕೆಲಸ ನನ್ನ ಪಾಲಿಗೆ ಬಂತು. ನಾನು ಗ್ರಾಮ ಪಂಚಾಯ್ತಿ ಮೆಂಬರ್ ಆಗಿ ಆಗ ನಾಲ್ಕೇ ತಿಂಗಳು. ಕೊರೊನಾ ಎರಡನೇ ಸಲ ಬಂದಿತ್ತು. ಏಪ್ರಿಲ್ 27ರ ರಾತ್ರಿಯಿಂದ ಇಡೀ ರಾಜ್ಯಕ್ಕೆ ಕರ್ಫ್ಯೂ. ಅಂಗಡಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಮರುದಿನ ಬೆಳಿಗ್ಗೆಯಿಂದಲೇ ಮನೆ ಬಾಗಿಲಿಗೆ ಜನ.

"ಯಕ್ಕಾ, ಸೊಸೈಟಿ ಯಾವಾಗ ತೆಗಿತಾರ?"

"ನಮ್ಮ ಹುಡುಗ ಬೆಂಗಳೂರಾಗ ಅದಾನ, ಬಸ್ ಬಿಡ್ತಾರೇನು?"

"ಸೂಜಿ ಮಾಡಿಸ್ಕೊಂಡ್ರ ಜ್ವರ ಬರ್ತಾವಂತಲ್ಲ, ಖರೇ ಏನು?"

ಒಬ್ಬೊಬ್ಬರಿಗೆ ಉತ್ತರ ಹೇಳುತ್ತ ಕೂತರೆ ದಿನ ಸಾಲುತ್ತಿರಲಿಲ್ಲ. ಹಾಗೆ ಬಾಗಿಲಲ್ಲಿ ಗುಂಪು ಸೇರೋದೇ ಆಗ ಅಪಾಯ. ಹನುಮಪ್ಪನ ಗುಡಿಯಲ್ಲಿ ಮೈಕ್ ಇದೆ. ಆದರೆ ಅದರ ದನಿ ಊರ ಆ ಕಡೆ ತುದಿಗೆ ಮುಟ್ಟುವುದಿಲ್ಲ. ಗುಡಿ ಕಟ್ಟೆಯ ಹತ್ತಿರ ಬರಲು ಹಿಂಜರಿಯುವ ಮನೆಗಳೂ ನಮ್ಮೂರಲ್ಲಿವೆ. ಅದಕ್ಕೆ ಪಂಚಾಯ್ತಿಯ ಕಸದ ಗಾಡಿಗೆ ಮೈಕ್ ಕಟ್ಟಿದೆವು. ದಿನಾ ಸಂಜೆ ಏಳಕ್ಕೆ ಓಣಿ ಓಣಿಗೆ ಹೋಗಿ ಅವತ್ತಿನ ಸುದ್ದಿ ಹೇಳೋದು ಅಂತ ಮಾಡಿಕೊಂಡೆವು.

ಮೊದಲ ದಿನ ಒಬ್ಬರು ಮೈಕ್ ತಂದು ನಮ್ಮನೆಯವರ ಕೈಗೆ ಕೊಟ್ಟರು. ಗೆದ್ದವಳು ಹೆಂಡತಿಯಾದರೂ ಮಾತಾಡುವವನು ಗಂಡ ಅನ್ನೋದು ನಮ್ಮ ಕಡೆ ರೂಢಿ. ನಮ್ಮನೆಯವರು ಮೈಕನ್ನು ನನ್ನ ಕೈಗೆ ಕೊಟ್ಟು ಗಾಡಿಯಿಂದ ಇಳಿದರು. ಏನೂ ಹೇಳಲಿಲ್ಲ. ಆ ಒಂದು ಇಳಿದದ್ದಕ್ಕೆ ನಾನು ಇವತ್ತಿಗೂ ಅವರ ಋಣದಲ್ಲಿದ್ದೇನೆ.

ಏಳು ಗಂಟೆಯ ಈ ಹಟ ನನಗೆ ಯಾಕೆ ಹತ್ತಿತು ಅಂತ ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

2020ರ ಮಾರ್ಚ್‌ನಲ್ಲಿ ನಾನು ಮೆಂಬರ್ ಅಲ್ಲ, ಸ್ತ್ರೀಶಕ್ತಿ ಸಂಘದಲ್ಲಿದ್ದೆ. ಲಾಕ್‌ಡೌನ್ ಅಂತ ಟಿವಿಯಲ್ಲಿ ಹೇಳಿದ ಮರುದಿನವೇ ಊರ ದಾರಿಗೆ ಜಾಲಿ ಮುಳ್ಳು ಎಳೆದರು. ನಮ್ಮ ಕಡೆಯವರು ಗುಳೆ ಹೋಗುವ ಮಂದಿ. ಸುಗ್ಗಿ ಮುಗಿದರೆ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾ ಅಂತ ಹೊರಡುತ್ತಾರೆ. ಅವರೆಲ್ಲ ಸಾಲ ಮಾಡಿ, ಲಾರಿ ಹತ್ತಿ, ನಡೆದು ಬಂದಾಗ ಸ್ವಂತ ಊರಿನ ಮುಳ್ಳೇ ಎದುರಾಯಿತು. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಗಳಲ್ಲಿ ಮೇ ಮಧ್ಯದವರೆಗೆ ಒಂದು ಕೇಸೂ ಇರಲಿಲ್ಲ. ಹಸಿರು ವಲಯ ಅನ್ನುತ್ತಿದ್ದರು. ಆದರೆ ಭಯ ಮಾರ್ಚ್‌ನಲ್ಲೇ ಬಂದು ಕೂತಿತ್ತು.

ನನ್ನ ತಮ್ಮ ಗೋವಾದಿಂದ ಬಂದ. ಹೊರಗಿನಿಂದ ಬಂದವರನ್ನೆಲ್ಲ ಊರ ಸಾಲಿಯಲ್ಲಿ, ಅಂದರೆ ಶಾಲೆಯಲ್ಲಿ, 14 ದಿನ ಇಟ್ಟಿದ್ದರು. ನಾನು ದಿನಾ ಕಂಪೌಂಡ್ ಗೋಡೆ ಮೇಲೆ ಬುತ್ತಿ ಇಟ್ಟು ದೂರ ಸರಿಯುತ್ತಿದ್ದೆ. ಅವನು ಬಂದು ತಗೊಳ್ಳುತ್ತಿದ್ದ. ಹದಿನಾಲ್ಕು ದಿನ ಮುಗಿಯಿತು. ಮತ್ತೂ ಮೂರು ದಿನ ಬಿಡಲಿಲ್ಲ. ಗಂಟಲಿನ ಟೆಸ್ಟ್ ರಿಪೋರ್ಟ್ ಬಂದಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಆದರೆ ಆ ಮೂರು ದಿನ ಅವರಿಗೆ ಯಾರೂ ಏನೂ ಹೇಳಲಿಲ್ಲ. ಒಳಗಿದ್ದವರು ತಮಗೆ ರೋಗ ಬಂದೇಬಿಟ್ಟಿದೆ, ಮುಚ್ಚಿಡುತ್ತಿದ್ದಾರೆ ಅಂದುಕೊಂಡರು. ಒಬ್ಬ ಹುಡುಗ ರಾತ್ರಿ ಗೋಡೆ ಹಾರಿ ಓಡಿದ. ತಮ್ಮ ಗೋಡೆಯಾಚೆಯಿಂದ ಕೇಳುತ್ತಿದ್ದ: "ಯಕ್ಕಾ, ಏನಂತ? ಏನಾರ ಹೇಳಿದ್ರ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ರಿಪೋರ್ಟ್ ಇನ್ನೂ ಬಂದಿಲ್ಲ, ನಾಳೆ ಸಂಜೆ ಮತ್ತೆ ಹೇಳ್ತೀವಿ" ಅಂತ ಒಬ್ಬರು ಬಾಗಿಲಲ್ಲಿ ನಿಂತು ಹೇಳಿದ್ದರೆ ಸಾಕಿತ್ತು.

ಹಾಗೆ ನಿಂತು ಹೇಳಬೇಕಾದವರು ಯಾರು? ಆ ವರ್ಷ ಹಳೇ ಮೆಂಬರ್‌ಗಳ ಐದು ವರ್ಷದ ಅವಧಿ ಮುಗಿಯಿತು. ರೋಗದ ಕಾರಣಕ್ಕೆ ಚುನಾವಣೆ ಮುಂದಕ್ಕೆ ಹೋಯಿತು. ಪಂಚಾಯ್ತಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಕೊನೆಗೆ ಡಿಸೆಂಬರ್ 22 ಮತ್ತು 27ಕ್ಕೆ ಮತದಾನ, 30ಕ್ಕೆ ಎಣಿಕೆ ಆಯಿತು. ಅಂದರೆ ಊರು ಕಷ್ಟದಲ್ಲಿದ್ದ ಸುಮಾರು ಅರ್ಧ ವರ್ಷ, ಬಾಗಿಲು ಬಡಿದು ಕೇಳೋಕೆ ಒಬ್ಬ ಮೆಂಬರೂ ಇರಲಿಲ್ಲ. ನಾನು ಚುನಾವಣೆಗೆ ನಿಂತದ್ದಕ್ಕೆ ಮುಖ್ಯ ಕಾರಣ ಅದೇ.

ಅದೇ ವರ್ಷ ಜೂನ್ ಕೊನೆಗೆ ಬಳ್ಳಾರಿಯ ವಿಡಿಯೊ ಬಂತು. ಪಿಪಿಇ ಕಿಟ್ ಹಾಕಿದವರು ಹೆಣಗಳನ್ನು ಎಳೆದು ತಂದು ಒಂದೇ ಗುಂಡಿಗೆ ಎಸೆಯುತ್ತಿದ್ದರು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಕ್ಷಮೆ ಕೇಳಿದ ಸುದ್ದಿ ನಮ್ಮೂರಿಗೆ ಬರಲಿಲ್ಲ, ವಿಡಿಯೊ ಮಾತ್ರ ಬಂತು. ಒಂದು ಮೊಬೈಲ್‌ನಿಂದ ಇನ್ನೊಂದಕ್ಕೆ ಹೋಗಿ, ಮೊಬೈಲ್ ಇಲ್ಲದ ಅಜ್ಜಿಯಂದಿರಿಗೂ ಮೊಮ್ಮಕ್ಕಳು ತೋರಿಸಿದರು. ನಮ್ಮಲ್ಲಿ ಮಣ್ಣಾದವರಿಗೆ ಸಲ್ಲಬೇಕಾದ್ದು ಸಲ್ಲದಿದ್ದರೆ ಬದುಕಿದ್ದವರಿಗೆ ಅನ್ನ ಇಳಿಯೋದಿಲ್ಲ. ಆ ವಿಡಿಯೊ ನೋಡಿದ ಮೇಲೆ ಟೆಸ್ಟ್ ಅಂದರೆ ಗುಂಡಿ ಅಂತಲೇ ಜನರ ತಲೆಯಲ್ಲಿ ಕೂತಿತು. ಮುಂದಿನ ವರ್ಷ ಜ್ವರ ಬಂದವರು ಕಂಬಳಿ ಹೊದ್ದು ಒಳಮನೆಯಲ್ಲಿ ಮಲಗಿ, ಆಶಾ ಕಾರ್ಯಕರ್ತೆ ಬಂದರೆ "ಹೊಲಕ್ಕ ಹೋಗ್ಯಾರ" ಅಂತ ಹೇಳಿಸಿದ್ದು ಸುಮ್ನೆ ಅಲ್ಲ.

ಈ ಎರಡು ಗೊತ್ತಿದ್ದೂ ನಾನೇ ತಪ್ಪು ಮಾಡಿದೆ. ಅದನ್ನು ಬಿಡದೆ ಬರೆಯಬೇಕು.

2021ರ ಮೇ ತಿಂಗಳು. ರಾಜ್ಯದಲ್ಲಿ ಲಸಿಕೆಗೆ ಬರ. 18 ದಾಟಿದವರಿಗೆಲ್ಲ ಅಂತ ಶುರು ಮಾಡಿದ್ದನ್ನು ಮೇ 14ರಿಂದ ನಿಲ್ಲಿಸಿ, ಇದ್ದಷ್ಟನ್ನು 45 ದಾಟಿದವರಿಗೆ ಎತ್ತಿಟ್ಟರು. ಅಂಥ ಹೊತ್ತಲ್ಲಿ ಒಂದು ಸಂಜೆ ಒಬ್ಬರು ಫೋನ್ ಮಾಡಿ, "ಮೇಡಂ, ನಾಳೆ ನಿಮ್ಮೂರಿಗೆ ಬರ್ತದ, ಹೇಳಿಬಿಡ್ರಿ" ಅಂದರು. ನನಗೆ ಖುಷಿ. ಯಾವ ಗಾಡಿ, ಎಷ್ಟು ಡೋಸ್, ಯಾರು ಖಾತ್ರಿ ಮಾಡಿದ್ದಾರೆ ಅಂತ ಒಂದೂ ಕೇಳಲಿಲ್ಲ. ಏಳು ಗಂಟೆಗೆ ಊರೆಲ್ಲ ಸಾರಿಬಿಟ್ಟೆ. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಾಲಿಗೆ ಬರ್ರಿ. ಆಧಾರ್ ಕಾರ್ಡ್ ತರ್ರಿ."

ಅರವತ್ತು ಮಂದಿಯಾದರೂ ಬಂದಿದ್ದರು. ಮುಂಗಾರಿಗೆ ಹೊಲ ಹಸನು ಮಾಡುವ ಕಾಲ. ಎತ್ತು ಬಿಟ್ಟು ಬಂದವರಿದ್ದರು. ಹತ್ತಾಯಿತು, ಹನ್ನೊಂದಾಯಿತು. ಒಂದು ಗಂಟೆಗೆ ಫೋನ್ ಬಂತು, ಇವತ್ತು ಇಲ್ಲ ಅಂತ. ಎಲ್ಲರೂ ಎದ್ದು ಹೋದರು. ಯಾರೂ ಬೈಯಲಿಲ್ಲ. ತಾಂಡಾದಿಂದ ಬಂದ ಒಬ್ಬ ಅಜ್ಜಿ ಮಾತ್ರ ಬೇವಿನ ಮರದ ಕೆಳಗೆ ಕೂತೇ ಇದ್ದಳು. ಎರಡು ಕಿಲೋಮೀಟರ್ ಕೋಲು ಹಿಡಿದು ನಡೆದು ಬಂದಿದ್ದಳು. ಏಳೋಕೆ ಹೋದರೆ ತಲೆ ತಿರುಗುತ್ತಿತ್ತು. ಕೇಳಿದರೆ, ಸೂಜಿಗೆ ಮುಂಚೆ ಏನೂ ತಿನ್ನಬಾರದು ಅಂದುಕೊಂಡು ಹಿಂದಿನ ರಾತ್ರಿಯಿಂದ ಬರಿ ಹೊಟ್ಟೆ. ಉಂಡು ಬರ್ರಿ ಅಂತ ನಾನು ಹೇಳಿರಲೇ ಇಲ್ಲ. ಬಿಸಿಯೂಟದ ಕೋಣೆಯಿಂದ ಒಂದು ತಾಟು ತಂದು, ಮನೆಯಿಂದ ರೊಟ್ಟಿ, ಮಜ್ಜಿಗೆ ತರಿಸಿ ಕೊಟ್ಟೆ. ಅವಳು ರೊಟ್ಟಿ ಮುರಿಯುತ್ತ ನನಗೇ ಸಮಾಧಾನ ಹೇಳಿದಳು. "ಇರ್ಲಿ ಬಿಡವ್ವ. ದೊಡ್ಡವರು ಹೇಳ್ತಾರ, ನೀ ಏನ್ ಮಾಡ್ತಿ."

ಆ ಮಾತು ನನಗೆ ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಹೇಳಿದ್ದು ಯಾವ ದೊಡ್ಡವರೂ ಅಲ್ಲ, ನಾನು.

ಅವತ್ತು ಸಂಜೆ ಗಾಡಿ ಹತ್ತೋಕೆ ಕಾಲು ಬರಲಿಲ್ಲ. ನಮ್ಮನೆಯವರು, "ಹೇಳಾಕ ಏನೂ ಇಲ್ಲಲ್ಲ, ಇವತ್ತ ಬಿಡು" ಅಂದರು. ಸಾಲಿ ಗೋಡೆಯಾಚೆ ನಿಂತ ತಮ್ಮನ ಮುಖ ನೆನಪಾಯಿತು. ಹೋದೆ. ಏನು ಹೇಳಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. "ಇವತ್ತು ಲಸಿಕೆ ಬರ್ತದ ಅಂತ ನಾನು ಹೇಳಿದ್ದೆ. ಸರಿಯಾಗಿ ಕೇಳದೆ ಹೇಳಿದ್ದು ನನ್ನ ತಪ್ಪು. ನಿಮ್ಮ ಒಂದು ದಿನದ ಕೆಲಸ ಹೋತು. ನಾಳೆ ಬರ್ತದೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಾದ್ರೂ, ಗೊತ್ತಾಗದಿದ್ರೂ ನಾಳೆ ಏಳಕ್ಕ ಬಂದು ಹೇಳ್ತೀನಿ."

ಮರುದಿನ ಹೋಗಿ "ಬಂದಿಲ್ಲ" ಅಂದೆ. ಅದರ ಮರುದಿನವೂ "ಬಂದಿಲ್ಲ, ಆಸ್ಪತ್ರೆ ಸಿಸ್ಟರ್ ಹತ್ರ ಐದು ಗಂಟೆಗೆ ಮಾತಾಡೀನಿ" ಅಂದೆ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಪ್ರತಿ ಸುದ್ದಿಯ ಮುಂದೆ ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು ಅಂತ ಬರೆಯೋಕೆ ಶುರು ಮಾಡಿದೆ. ಹೆಸರು ಇಲ್ಲದ ಸುದ್ದಿ ಗಾಡಿ ಹತ್ತಬಾರದು ಅನ್ನೋದು ನನಗೆ ನಾನೇ ಹಾಕಿಕೊಂಡ ಕಟ್ಟು.

ನಾಲ್ಕನೇ ದಿನ ಲಸಿಕೆ ಬಂತು. ಬಂದ ಜನ ಏಳೇ ಏಳು. ಕೋವಿಶೀಲ್ಡ್ ಬಾಟಲಿ ಒಂದಕ್ಕೆ ಹತ್ತು ಡೋಸ್. ತೆರೆದರೆ ನಾಲ್ಕು ತಾಸಿನಲ್ಲಿ ಮುಗಿಸಬೇಕು, ಉಳಿದದ್ದು ದಂಡ. ಅಂಥ ಬರಗಾಲದಲ್ಲಿ ಮೂರು ಡೋಸ್ ಚೆಲ್ಲೋಕೆ ಸಿಸ್ಟರ್‌ಗೆ ಮನಸ್ಸಿರಲಿಲ್ಲ. ಹತ್ತು ಮಂದಿ ಆದ ಮೇಲೆ ತೆಗೆಯುತ್ತೇನೆ ಅಂದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಬಾಟಲಿ, ಐಸ್ ಇಟ್ಟ ನೀಲಿ ಡಬ್ಬಿಯಲ್ಲಿತ್ತು. ನಾನು ಹಗಲಲ್ಲೇ ಗಾಡಿ ತೆಗೆದೆ. "ಲಸಿಕೆ ಬಂದದ. ನನ್ನ ಕಣ್ಣಿಲೆ ನೋಡೀನಿ. ಬಾಟಲಿ ತೆಗಿಯಾಕ ಇನ್ನೂ ಮೂರು ಮಂದಿ ಬೇಕು. ಉಂಡು ಬರ್ರಿ." ಅರ್ಧ ತಾಸಿನಲ್ಲಿ ಇಬ್ಬರು ಬಂದರು. ಹತ್ತನೆಯವಳಾಗಿ ತಾಂಡಾದ ಅಜ್ಜಿ ಬಂದಳು, ಅವಳ ಮಗ ಬೈಕ್ ಮೇಲೆ ಕೂರಿಸಿಕೊಂಡು ಬಂದಿದ್ದ. ಇಳಿಯುತ್ತಲೇ "ಉಂಡು ಬಂದೀನಿ" ಅಂದಳು. ಸಿಸ್ಟರ್ ಬಾಟಲಿ ಮುಚ್ಚಳ ತೆಗೆದ ಸಣ್ಣ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಆಮೇಲೆ ಎರಡನೇ ಡೋಸಿನ ಗೊಂದಲ. ಮೊದಲು ನಾಲ್ಕರಿಂದ ಆರು ವಾರ ಅಂದಿದ್ದರು. ಮಾರ್ಚ್‌ನಲ್ಲಿ ಆರರಿಂದ ಎಂಟಕ್ಕೆ ಹೋಯಿತು. ಮೇ 13ಕ್ಕೆ ಹನ್ನೆರಡರಿಂದ ಹದಿನಾರು ವಾರ ಅಂದರು. ಮೇಲಿನವರು ಬದಲಾಯಿಸುತ್ತಾರೆ, ಓಣಿಯಲ್ಲಿ ನಿಂತು ಹೇಳುವವಳು ನಾನು. "ಲಸಿಕೆ ಇಲ್ಲಂತ ದಿನ ಮುಂದ ಹಾಕ್ತಾರೇನು?" ಅಂತ ಒಬ್ಬ ಕಾಕಾ ನೇರವಾಗಿ ಕೇಳಿದರು. ಅಂತರ ಹೆಚ್ಚಿದ್ದರೆ ಶಕ್ತಿ ಚೆನ್ನಾಗಿ ಬರುತ್ತದೆ ಅಂತ ಸರ್ಕಾರ ಹೇಳಿದೆ, ಲಸಿಕೆ ಕಡಿಮೆ ಇರೋದೂ ನಿಜ, ಎರಡೂ ಹೇಳಿದೆ. ಕಾಕಾ ತಲೆ ಅಲ್ಲಾಡಿಸಿ ಹೋದರು. ಹದಿಮೂರನೇ ವಾರಕ್ಕೆ ಸರಿಯಾಗಿ ಬಂದು ಸಾಲಿನಲ್ಲಿ ನಿಂತಿದ್ದರು.

ಇನ್ನುಳಿದ ಸುದ್ದಿ ನೂರೆಂಟು. ಕೇಂದ್ರದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಮೇ, ಜೂನ್‌ಗೆ ಬಂದದ್ದು. ಉದ್ಯೋಗ ಖಾತ್ರಿ ಕೂಲಿ 275ರಿಂದ 289 ಆದದ್ದು. ಕಟ್ಟಡ ಕೆಲಸದವರಿಗೆ 3000, ಕ್ಷೌರಿಕರು, ದರ್ಜಿಗಳಂಥವರಿಗೆ 2000 ರೂಪಾಯಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕೋದು. ಹೆಸರು, ಸಜ್ಜೆ ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬಂದದ್ದು. ಶುದ್ಧ ನೀರಿನ ಘಟಕದ ಮಿಷನ್ ಕೆಟ್ಟದ್ದು. ನಮ್ಮ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಆ ಘಟಕ ನಾಲ್ಕು ದಿನ ನಿಂತಾಗ ಜನ ಕೊರೊನಾಕ್ಕಿಂತ ಹೆಚ್ಚು ಅದನ್ನೇ ಕೇಳಿದರು. ನನಗೆ ಅದು ತಪ್ಪು ಅನ್ನಿಸಲಿಲ್ಲ. ರೋಗ ಬಂದರೂ ಕೊಡ ತುಂಬಲೇಬೇಕು ಅಲ್ವಾ.

ಕಷ್ಟದ ಸುದ್ದಿ ಬಂದದ್ದು ಮೇ ಕೊನೆಗೆ. ಹಳ್ಳಿಗಳಲ್ಲಿ ಪಾಸಿಟಿವ್ ಆದವರು ಮನೆಯಲ್ಲಿರುವಂತಿಲ್ಲ, ಕೋವಿಡ್ ಕೇರ್ ಸೆಂಟರ್‌ಗೆ ಹೋಗಬೇಕು ಅಂತ ಆದೇಶ. ಅದರಲ್ಲಿ ಅರ್ಥ ಇತ್ತು. ಒಂದೇ ಕೋಣೆಯ ಮನೆಯಲ್ಲಿ ಆರು ಮಂದಿ ಇರುವಾಗ ಪ್ರತ್ಯೇಕ ಇರೋದು ಎಲ್ಲಿಂದ ಬರಬೇಕು? ಆದರೆ ಬಳ್ಳಾರಿಯ ವಿಡಿಯೊ ನೋಡಿದ ಊರಿಗೆ ಇದನ್ನು ಹೇಗೆ ಹೇಳೋದು? ನಾನು ಮೊದಲು ಹೋಗಿ ಹಾಸ್ಟೆಲ್‌ನಲ್ಲಿ ಮಾಡಿದ್ದ ಸೆಂಟರ್ ನೋಡಿ ಬಂದೆ. ಮಂಚ ಎಷ್ಟಿವೆ, ಬೆಳಿಗ್ಗೆ ಏನು ನಾಷ್ಟಾ, ಫೋನ್ ಇಟ್ಟುಕೊಳ್ಳಬಹುದೋ, ಮನೆಯವರು ಬುತ್ತಿ ತರಬಹುದೋ, ಇವನ್ನೇ ಹೇಳಿದೆ. ಆ ದಿನಗಳಲ್ಲಿ ಕೊಪ್ಪಳದ ಗವಿಮಠದವರು ನೂರು ಹಾಸಿಗೆಯ ಕೋವಿಡ್ ಆಸ್ಪತ್ರೆ ಮಾಡಿದ್ದರು. "ಗವಿಸಿದ್ಧಪ್ಪಜ್ಜನ ಮಠದಾಗೂ ಹಾಸಿಗಿ ಅದಾವ" ಅಂದಾಗ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳ ಮುಖ ಸ್ವಲ್ಪ ಸಡಿಲ ಆದದ್ದು ನನಗೆ ಕಂಡಿತು. ಬೆರಳಿಗೆ ಹಚ್ಚುವ ಮಿಷನ್‌ನಲ್ಲಿ ಆಕ್ಸಿಜನ್ 94ಕ್ಕಿಂತ ಕಡಿಮೆ ಬಂದರೆ ಹೊತ್ತು ನೋಡದೆ ನನಗೆ ಫೋನ್ ಮಾಡ್ರಿ ಅಂತ ದಿನಾ ಹೇಳಿದೆ. ರಾತ್ರಿ ಎರಡಕ್ಕೆ, ಮೂರಕ್ಕೆ ಫೋನ್ ಬಂದವು. ಫೋನ್ ಮಾಡಿದ ಮನೆಗಳಲ್ಲಿ ಹೆಚ್ಚಿನವರು ಉಳಿದರು.

ಫೋನ್ ಮಾಡದ ಒಂದು ಮನೆ ಇದೆ.

ಗಂಡ ಟಂಟಂ ಆಟೊ ಓಡಿಸುತ್ತಿದ್ದ. ನಲವತ್ತೂ ಆಗಿರಲಿಲ್ಲ. ಎಂಟು ದಿನ ಜ್ವರ, ಟೆಸ್ಟ್ ಇಲ್ಲ, ಒಂಬತ್ತನೇ ದಿನ ಬೆಳಗಿನ ಜಾವ ಮನೆಯಲ್ಲೇ ಹೋದ. ಎರಡು ಮಕ್ಕಳು. ಜೂನ್ 14ಕ್ಕೆ ರಾಜ್ಯ ಸರ್ಕಾರ ಕೊರೊನಾದಿಂದ ದುಡಿಯುವವರನ್ನು ಕಳಕೊಂಡ ಬಿಪಿಎಲ್ ಮನೆಗೆ ಒಂದು ಲಕ್ಷ ಅಂತ ಹೇಳಿತು. ಆಮೇಲೆ ಕೇಂದ್ರದ್ದು 50,000 ಬಂತು. ನಾನು ಮೈಕ್‌ನಲ್ಲಿ ಹೇಳಿದೆ. ಅವನ ಹೆಂಡತಿ ಬಂದಳು. ಕಚೇರಿಯವರು ಕೇಳಿದ ಮೊದಲ ಕಾಗದ ಪಾಸಿಟಿವ್ ರಿಪೋರ್ಟ್. ಅದು ಇಲ್ಲ. ಆಸ್ಪತ್ರೆಯ ಚೀಟಿ, ಅದೂ ಇಲ್ಲ. ಕಚೇರಿಯಿಂದ ಕಚೇರಿಗೆ ನಾನೂ ಅವಳೂ ಹೋದೆವು. ಆಶಾ, ಅಂಗನವಾಡಿ ಟೀಚರ್, ನಾನು ಸೇರಿ ಊರಲ್ಲಿ ಆ ವಾರ ಯಾರಿಗೆಲ್ಲ ಜ್ವರ ಇತ್ತು ಅಂತ ಬರೆದುಕೊಟ್ಟೆವು. ಕಾಗದ ಇಲ್ಲದ ಸಾವಿಗೆ ಲೆಕ್ಕದಲ್ಲಿ ಜಾಗ ಸಿಗಲಿಲ್ಲ.

ಒಂದು ದಿನ ತಾಲೂಕು ಕಚೇರಿಯಿಂದ ಬಸ್‌ನಲ್ಲಿ ಬರುವಾಗ ಕೇಳಿದೆ. "ಯವ್ವಾ, ನಾ ದಿನಾ ಹೇಳ್ತಿದ್ದೆನಲ್ಲ, ಯಾಕ ಫೋನ್ ಮಾಡಲಿಲ್ಲ?" ಅವಳು ಕಿಟಕಿ ಕಡೆ ನೋಡುತ್ತಲೇ ಹೇಳಿದಳು. "ನಿಮ್ಮ ದನಿ ಕೇಳ್ತಿತ್ರಿ ಯಕ್ಕಾ. ಮಾತು ತಿಳಿತಿರಲಿಲ್ಲ."

ಅವರ ಓಣಿ ಇಕ್ಕಟ್ಟು. ಗಾಡಿ ಒಳಗೆ ಹೋಗುತ್ತಿರಲಿಲ್ಲ. ನಾನು ತುದಿಯಲ್ಲಿ ನಿಂತು ಹೇಳಿ ಮುಂದೆ ಹೋಗುತ್ತಿದ್ದೆ. ಅವರದು ಕೊನೆಯ ಮನೆ. ಹಲಗೆಯ ಅಜ್ಜ ಆ ಓಣಿಗೂ ನಡೆದೇ ಹೋಗುತ್ತಿದ್ದ.

ಆವತ್ತಿನಿಂದ ಗಾಡಿ ಹೋಗದ ಮೂರು ಓಣಿಗೆ ನಡೆದು ಹೋಗುತ್ತೇನೆ. ಮೈಕ್ ಇಲ್ಲದೆ, ಬಾಗಿಲು ಬಾಗಿಲಿಗೆ. ಕೊರೊನಾ ಹೋಯಿತು, ದಿನಾ ಏಳರ ಗಾಡಿಯೂ ನಿಂತಿತು. ಆದರೆ ನೀರು, ಗ್ರಾಮಸಭೆ, ಖಾತ್ರಿ ಕೆಲಸ ಅಂತ ಸುದ್ದಿ ಇದ್ದೇ ಇರುತ್ತದೆ. ನೀರಿನ ಸುದ್ದಿ ಹೇಳೋಕೆ ಮೊನ್ನೆಯೂ ಆ ಓಣಿಗೆ ಹೋಗಿದ್ದೆ. ನನ್ನ ದನಿ ಕೇಳಿ ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನಾಳೆ ಬೆಳಿಗ್ಗೆ ಆರಕ್ಕೆ ನೀರು ಬಿಡುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

"ಅದರದು ಏನಾರ ಸುದ್ದಿ?"

"ಇಲ್ಲವ್ವ. ಏನೂ ಬಂದಿಲ್ಲ."

"ಆತು ಬಿಡ್ರಿ" ಅಂದು ಒಳಗೆ ಹೋದಳು. ರೊಟ್ಟಿ ಬಡಿಯೋ ಸದ್ದು ಮತ್ತೆ ಶುರುವಾಯಿತು.